ಸಿಜಿಪಿಎ ಎಂಟೂವರೆ, ಆದರೂ ಫೆಲೋಶಿಪ್ ಏಕೆ ಸಿಗಲಿಲ್ಲ?

ಪ್ರಶ್ನೆ: ಏಳನೇ ತರಗತಿಯವರೆಗೆ ಮುಂಬಯಿ ಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿದೆ. ಈಗ ಮನೆ ಡೊಂಬಿವಲಿ. ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿ ಎಂಎಸ್ಸಿ ಭೌತವಿಜ್ಞಾನ ಮೊದಲ ವರ್ಷ. ಬಿಎಸ್ಸಿಯಲ್ಲಿ ಸಿಜಿಪಿಎ 8.5 ಇತ್ತು, ಪಲ್ಸಾರ್ (ಗಡಿಯಾರದಂತೆ ರೇಡಿಯೋ ಮಿಡಿತ ಕಳುಹಿಸುವ ನಕ್ಷತ್ರ) ಮೇಲೆ ಒಂದು ಸಣ್ಣ ಪ್ರಾಜೆಕ್ಟ್ ಕೂಡ ಮಾಡಿದ್ದೆ. ಕಳೆದ ವರ್ಷ ಎರಡು ಬೇಸಿಗೆ ಸಂಶೋಧನಾ ಫೆಲೋಶಿಪ್‌ಗಳಿಗೆ ಅರ್ಜಿ ಹಾಕಿದೆ, ಎರಡೂ ಕೈತಪ್ಪಿದವು. ಸ್ಟೇಟ್‌ಮೆಂಟನ್ನು (ಈ ಅವಕಾಶ ನನಗೇಕೆ ಬೇಕು ಎಂದು ವಿವರಿಸುವ ಬರಹ) ಸೀನಿಯರ್ ಒಬ್ಬರದನ್ನು ನೋಡಿಕೊಂಡು ಬರೆದಿದ್ದೆ, ಶಿಫಾರಸು ಪತ್ರವನ್ನು ನನ್ನ ಪ್ರಾಜೆಕ್ಟ್ ನೋಡಿರದ ವಿಭಾಗದ ಮುಖ್ಯಸ್ಥರಿಂದ ಪಡೆದಿದ್ದೆ. ಇಂಗ್ಲಿಷಿನಲ್ಲಿ ಬರೆಯಲು ತಡವರಿಸುತ್ತೇನೆ. ಈ ಸಲ ಏನು ಬದಲಿಸಲಿ? ಅಪ್ಪ ಕುಂದಾಪುರದ ಕಡೆಯವರು, ಠಾಣೆಯಲ್ಲಿ ಕ್ಯಾಂಟೀನ್ ನಡೆಸುತ್ತಾರೆ. ಅವರ ಹಿಂದುಳಿದ ವರ್ಗದ ಪ್ರಮಾಣಪತ್ರ ಕರ್ನಾಟಕದ್ದು. ಅದು ನನಗೆ ಇಲ್ಲಿ ನಡೆಯುತ್ತದೆಯೇ?

ಉತ್ತರ: ಸಿಜಿಪಿಎ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅಂಕದ ಕೆಲಸ ಮೊದಲ ಜರಡಿಯಲ್ಲಿ ಉಳಿಸುವುದು, ಅಷ್ಟೇ. ಜರಡಿ ದಾಟಿದವರೆಲ್ಲರ ಬಳಿಯೂ ಎಂಟರ ಮೇಲಿನ ಸಿಜಿಪಿಎ ಇರುತ್ತದೆ. ಅಲ್ಲಿಂದಾಚೆಗೆ ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸುವುದು ಎರಡೇ ಕಾಗದ: ನಿಮ್ಮ ಸ್ಟೇಟ್‌ಮೆಂಟ್ ಮತ್ತು ನಿಮ್ಮ ಬಗ್ಗೆ ಬೇರೆಯವರು ಬರೆದ ಪತ್ರ. ನೀವೇ ಹೇಳಿದಂತೆ ಒಂದು ಸೀನಿಯರ್‌ನದು, ಇನ್ನೊಂದು ನಿಮ್ಮ ಕೆಲಸ ನೋಡದವರದು. ಅರ್ಜಿಯಲ್ಲಿ ನಿಮ್ಮ ಹೆಸರಿತ್ತು, ನೀವಿರಲಿಲ್ಲ.

ಮೊದಲು ಸ್ಟೇಟ್‌ಮೆಂಟ್. ನೂರಾರು ಅರ್ಜಿಗಳಲ್ಲಿ ಹೀಗೊಂದು ಆರಂಭ ಇದ್ದೇ ಇರುತ್ತದೆ: “ಚಿಕ್ಕಂದಿನಿಂದಲೂ ನಕ್ಷತ್ರಗಳನ್ನು ನೋಡುತ್ತಾ ಬೆಳೆದ ನನಗೆ ಬ್ರಹ್ಮಾಂಡದ ರಹಸ್ಯ ಅರಿಯುವ ಹಂಬಲ. ನಿಮ್ಮಂಥ ಪ್ರತಿಷ್ಠಿತ ಸಂಸ್ಥೆಯಲ್ಲಿ ಕೆಲಸ ಮಾಡುವುದು ನನ್ನ ಕನಸು.” ಡೊಂಬಿವಲಿಯ ಆಕಾಶದಲ್ಲಿ ಎಷ್ಟು ನಕ್ಷತ್ರ ಕಾಣುತ್ತವೆಂಬುದು ಓದುವ ವಿಜ್ಞಾನಿಗೂ ಗೊತ್ತು! ಈ ಎರಡು ವಾಕ್ಯಗಳಲ್ಲಿ ಬೇರೆ ಯಾರೂ ಬರೆಯಲಾಗದ ಒಂದು ಪದವೂ ಇಲ್ಲ. ಹೀಗಾಗಿ ಓದುವ ಕಣ್ಣು ನೇರ ಮುಂದಿನ ಪ್ಯಾರಾಕ್ಕೆ ಹಾರುತ್ತದೆ, ಅಲ್ಲೂ ಇದೇ ಧಾಟಿಯಿದ್ದರೆ ಮುಂದಿನ ಅರ್ಜಿಗೆ.

ನಿಮ್ಮ ಪ್ರಾಜೆಕ್ಟ್ ಪಲ್ಸಾರ್ ಮೇಲಿನದು ಎಂದಿದ್ದೀರಿ. ವಿವರ ಬೇರೆಯಿರಬಹುದು, ಅಚ್ಚು ಹೀಗಿರಲಿ: “ಬಿ0329+54 ಪಲ್ಸಾರ್‌ನ ದತ್ತಾಂಶವನ್ನು ಪೈಥಾನ್‌ನಲ್ಲಿ 0.7145 ಸೆಕೆಂಡಿನ ಅವಧಿಗೆ ಮಡಿಸಿ, ಅಂದರೆ ಆ ಅಳತೆಯ ತುಂಡುಗಳನ್ನು ಒಂದರ ಮೇಲೊಂದಿಟ್ಟು, ಕೂಡಿಸಿದೆ. ಮೊದಲ ಸಲ ಮಿಡಿತ ಚಪ್ಪಟೆಯಾಗಿ ಹರಡಿಕೊಂಡಿತು. ಕಡಿಮೆ ಆವರ್ತನದ ಅಲೆಗಳು ತಡವಾಗಿ ತಲುಪುವುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆ ತಡದ ಅಳತೆಯಾದ ಡಿಸ್ಪರ್ಶನ್ ಮೆಷರ್ 26.8 ಹಾಕಿ ಸರಿಪಡಿಸಿದ ಮೇಲೆ ಶಿಖರ ಚೂಪಾಯಿತು. ಭೂಮಿಯ ಚಲನೆಯಿಂದ ಬರುವ ವ್ಯತ್ಯಾಸವನ್ನು ತೆಗೆಯಲು ಇನ್ನೂ ಬಂದಿಲ್ಲ. ಎಂಟು ವಾರದಲ್ಲಿ ಅದನ್ನು ಕಲಿತು ಬೇರೆ ಬೇರೆ ದಿನಗಳ ದತ್ತಾಂಶವನ್ನು ಒಟ್ಟಿಗೆ ಹೊಂದಿಸಬೇಕೆಂದಿದ್ದೇನೆ.”

ಇದರಲ್ಲಿ ಒಂದೇ ಒಂದು ಗುಣವಾಚಕ ಹೊಗಳಿಕೆಗೆ ಬಂದಿಲ್ಲ. ಆದರೂ ನೀವು ಏನು ಮಾಡಿದಿರಿ, ಎಲ್ಲಿ ಎಡವಿದಿರಿ, ಏಕೆ ಎಡವಿದಿರೆಂದು ನಿಮಗೇ ತಿಳಿದಿದೆಯೇ, ಮುಂದೆ ಏನು ಬೇಕು ಎಂಬ ನಾಲ್ಕೂ ಬಂದವು. ಎಡವಿದ್ದನ್ನು ಬರೆಯಲು ನಮ್ಮ ಹುಡುಗರು ಹೆದರುತ್ತಾರೆ. ಸಂಶೋಧನೆಯ ಜಾಗದಲ್ಲಿ ಅದೇ ಅರ್ಜಿಯ ಜೀವ, ಯಾಕೆಂದರೆ ತಪ್ಪಿನ ಕಾರಣ ಹೇಳಬಲ್ಲವನು ಕೆಲಸವನ್ನು ನಿಜಕ್ಕೂ ಮಾಡಿದ್ದಾನೆ ಎಂದರ್ಥ. ಚಾಟ್‌ಜಿಪಿಟಿಯಿಂದ ಬರೆಸಿದ ಸ್ಟೇಟ್‌ಮೆಂಟ್ ಸಿಕ್ಕಿಬೀಳುವುದೂ ಇಲ್ಲಿಯೇ: ಅದರಲ್ಲಿ ಉತ್ಸಾಹ ಬೇಕಾದಷ್ಟಿರುತ್ತದೆ, 26.8 ಇರುವುದಿಲ್ಲ.

ಪದಮಿತಿ 250 ಎಂದಿಟ್ಟುಕೊಳ್ಳಿ. ನಲವತ್ತು ಪದದಲ್ಲಿ ನಿಮ್ಮನ್ನು ಹಿಡಿದಿರುವ ಪ್ರಶ್ನೆ, ತೊಂಬತ್ತರಲ್ಲಿ ಈವರೆಗೆ ಮಾಡಿದ್ದು, ಅರವತ್ತರಲ್ಲಿ ಈ ಸಂಸ್ಥೆಯೇ ಏಕೆ, ಉಳಿದ ಅರವತ್ತರಲ್ಲಿ ಎಂಟು ವಾರಕ್ಕೆ ಎಷ್ಟು ಸಾಧ್ಯ. ಕೊನೆಯದರಲ್ಲಿ ಕೈ ಬಿಗಿ ಹಿಡಿಯಿರಿ. ‘ಡಾರ್ಕ್ ಮ್ಯಾಟರ್‌ನ ಸ್ವರೂಪ ಕಂಡುಹಿಡಿಯುತ್ತೇನೆ’ ಎಂದು ಬರೆದವರಿಗೆ ಎಂಟು ವಾರ ಎಂದರೆ ಎಷ್ಟು ಎಂಬುದೇ ಗೊತ್ತಿಲ್ಲವೆಂದು ತಿಳಿಯಲು ವಿಜ್ಞಾನಿಯೇ ಆಗಬೇಕಿಲ್ಲ.

‘ಈ ಸಂಸ್ಥೆಯೇ ಏಕೆ’ ಎಂಬಲ್ಲಿ ಮುಂಬಯಿ-ಪುಣೆಯ ವಿದ್ಯಾರ್ಥಿಗಳು ಪದೇ ಪದೇ ಮಾಡುವ ಒಂದು ತಪ್ಪಿದೆ. ಪುಣೆಯ ಗಣೇಶಖಿಂಡದಲ್ಲಿ, ವಿಶ್ವವಿದ್ಯಾಲಯದ ಆವರಣದೊಳಗೇ ಐಯುಕಾ (ಖಗೋಳವಿಜ್ಞಾನದ ಅಂತರ-ವಿಶ್ವವಿದ್ಯಾಲಯ ಕೇಂದ್ರ) ಮತ್ತು ಎನ್‌ಸಿಆರ್‌ಎ (ರೇಡಿಯೋ ಖಗೋಳವಿಜ್ಞಾನದ ರಾಷ್ಟ್ರೀಯ ಕೇಂದ್ರ) ಅಕ್ಕಪಕ್ಕದಲ್ಲಿವೆ. ನಾರಾಯಣಗಾಂವ್ ಬಳಿಯ ಖೋಡದ್‌ನಲ್ಲಿರುವ ಜಿಎಂಆರ್‌ಟಿ, ಅಂದರೆ 45 ಮೀಟರ್ ವ್ಯಾಸದ 30 ತಟ್ಟೆಗಳ ರೇಡಿಯೋ ದೂರದರ್ಶಕ, ಎನ್‌ಸಿಆರ್‌ಎಯದು. ಎನ್‌ಸಿಆರ್‌ಎ ಮುಂಬಯಿಯ ಟಿಐಎಫ್‌ಆರ್‌ನ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಕೇಂದ್ರ. ಐಯುಕಾ ಬೇರೆಯೇ ಸಂಸ್ಥೆ. ಐಯುಕಾಕ್ಕೆ ಬರೆದ ಅರ್ಜಿಯಲ್ಲಿ ‘ನಿಮ್ಮ ಜಿಎಂಆರ್‌ಟಿಯಲ್ಲಿ ಕೆಲಸ ಮಾಡುವಾಸೆ’ ಎಂದರೆ ಪಕ್ಕದ ಮನೆಯ ಅಡುಗೆ ಹೊಗಳಿದಂತೆ. ಐಯುಕಾದವರೂ ಜಿಎಂಆರ್‌ಟಿ ಬಳಸುತ್ತಾರೆ, ಅದು ಬೇರೆ ಮಾತು. ಹಾಗಾದರೆ ಬಳಸುವ ವಿಜ್ಞಾನಿ ಯಾರು, ಅವರ ಇತ್ತೀಚಿನ ಒಂದು ಪ್ರಬಂಧದಲ್ಲಿ ನಿಮಗೆ ಅರ್ಥವಾದ ಒಂದು ಚಿತ್ರ ಯಾವುದು ಎಂದು ಬರೆಯಿರಿ. ಇಡೀ ಪ್ರಬಂಧ ಅರ್ಥವಾಗಬೇಕಿಲ್ಲ. ಒಂದು ಗ್ರಾಫಿನ ಎರಡು ಅಕ್ಷಗಳು ಏನೆಂದು ತಿಳಿದಿದ್ದರೂ ಸಾಕು.

ಇಂಗ್ಲಿಷಿನ ತಡವರಿಕೆಗೆ ಒಂದು ದಾರಿ. ಮೊದಲ ಕರಡನ್ನು ಕನ್ನಡದಲ್ಲೇ ಬರೆಯಿರಿ, ಅಥವಾ ಅಪ್ಪನಿಗೆ ಕನ್ನಡದಲ್ಲಿ ವಿವರಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ‘ಅದರಿಂದ ಏನಾಯ್ತು?’ ಎಂದು ಅವರು ಕೇಳಿದ ಕಡೆಯಲ್ಲೆಲ್ಲ ನಿಮ್ಮ ಬರಹದಲ್ಲಿ ತೂತಿದೆ ಎಂದು ತಿಳಿಯಿರಿ. ಆಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಿಗೆ ತನ್ನಿ; ಒಂದು ವಾಕ್ಯಕ್ಕೆ ಒಂದೇ ಕ್ರಿಯಾಪದ. ವ್ಯಾಕರಣದ ಒಂದೆರಡು ತಪ್ಪಿಗಾಗಿ ಯಾರೂ ಅರ್ಜಿ ತಳ್ಳಿಹಾಕುವುದಿಲ್ಲ, ಅರ್ಥವಾಗದ ಉದ್ದ ವಾಕ್ಯಗಳಿಗಾಗಿ ಹಾಕುತ್ತಾರೆ.

ಈಗ ಪತ್ರ. ಕಳೆದ ಸಲ ಬಂದಿರಬಹುದಾದ ಪತ್ರ ಹೇಗಿದ್ದೀತೆಂದು ಊಹಿಸುವುದು ಕಷ್ಟವಲ್ಲ: ‘ಈಕೆ ಪ್ರಾಮಾಣಿಕಳು, ಶ್ರಮಜೀವಿ, ಸಮಯಪಾಲನೆಯುಳ್ಳವಳು, ಉಜ್ವಲ ಭವಿಷ್ಯ ಹಾರೈಸುತ್ತೇನೆ.’ ಇದು ನಡತೆ ಪ್ರಮಾಣಪತ್ರ. ಮುಖ್ಯಸ್ಥರದೇನೂ ತಪ್ಪಿಲ್ಲ, ಅವರು ನಿಮ್ಮ ಕೆಲಸ ಕಂಡವರಲ್ಲ. ಹುದ್ದೆ ದೊಡ್ಡದಿದ್ದರೆ ಪತ್ರವೂ ಭಾರ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಆಯ್ಕೆ ಸಮಿತಿಯ ಲೆಕ್ಕ ತಿರುಗಾಮುರುಗಾ. ನಿಮ್ಮ ಬಿಎಸ್ಸಿ ಪ್ರಾಜೆಕ್ಟ್ ನೋಡಿಕೊಂಡ ಕಿರಿಯ ಅಧ್ಯಾಪಕರು ‘ಮೂರು ವಾರ ಶಿಖರ ಹರಡುತ್ತಲೇ ಇತ್ತು, ಕೊನೆಗೆ ಕಾರಣ ಅವಳೇ ಹುಡುಕಿದಳು’ ಎಂದು ಬರೆದ ಒಂದು ಸಾಲು ಪ್ರಿನ್ಸಿಪಾಲರ ಒಂದು ಪುಟಕ್ಕಿಂತ ತೂಕದ್ದು.

ಕೇಳುವ ರೀತಿ: ಕೊನೆಯ ದಿನಕ್ಕೆ ಆರು ವಾರ ಮೊದಲು, ಸಾಧ್ಯವಾದರೆ ಮುಖತಃ. ಕೇಳುವಾಗ ‘ಪತ್ರ ಕೊಡುತ್ತೀರಾ ಸರ್?’ ಅನ್ನದೆ ‘ನನ್ನ ಕೆಲಸದ ಬಗ್ಗೆ ವಿವರವಾಗಿ ಬರೆಯಲು ಆದೀತೇ?’ ಎನ್ನಿ. ಅವರು ಅನುಮಾನಿಸಿದರೆ ಬೇರೆಯವರನ್ನು ಹುಡುಕಿಕೊಳ್ಳಲು ಇನ್ನೂ ಸಮಯವಿರುತ್ತದೆ. ಒಪ್ಪಿದವರಿಗೆ ಒಂದೇ ಪುಟದ ಹಾಳೆ ಕೊಡಿ: ಅವರ ಬಳಿ ಯಾವ ವಿಷಯ ಓದಿದ್ದು, ಯಾವ ಸೆಮಿಸ್ಟರ್, ಬಂದ ಅಂಕ, ಪ್ರಾಜೆಕ್ಟಿನ ಮೂರು ಸಾಲು, ಅವರ ಎದುರೇ ನಡೆದ ಒಂದು ಘಟನೆಯ ನೆನಪು, ಎಲ್ಲೆಲ್ಲಿಗೆ ಅರ್ಜಿ, ಯಾವ ದಿನಾಂಕ, ಪತ್ರ ಅಪ್‌ಲೋಡ್ ಮಾಡುವ ಲಿಂಕ್ ಯಾವ ಮೇಲ್ ವಿಳಾಸದಿಂದ ಬರುತ್ತದೆ. ಜತೆಗೆ ನಿಮ್ಮ ಸ್ಟೇಟ್‌ಮೆಂಟ್‌ನ ಕರಡು. ಎರಡು ವಾರ ಇರುವಾಗ ಒಮ್ಮೆ ನೆನಪಿಸಿ, ನಾಲ್ಕು ದಿನ ಇರುವಾಗ ಇನ್ನೊಮ್ಮೆ. ‘ನೀನೇ ಬರೆದು ತಾ, ಸಹಿ ಹಾಕುತ್ತೇನೆ’ ಎನ್ನುವವರೂ ಇದ್ದಾರೆ. ಆಗ ಅದೇ ಹಾಳೆ ಮುಂದಿಟ್ಟು ‘ಇದರಲ್ಲಿ ವಿವರವೆಲ್ಲ ಇದೆ, ಮಾತು ನಿಮ್ಮದೇ ಇರಲಿ’ ಎಂದು ಕೈಮುಗಿಯಿರಿ. ಸ್ಟೇಟ್‌ಮೆಂಟೂ ಪತ್ರವೂ ಒಂದೇ ಕೈಬರಹದ ಧಾಟಿಯಲ್ಲಿದ್ದರೆ ಗೊತ್ತಾಗದೆ ಇರುವುದಿಲ್ಲ.

ದೀಪಾವಳಿ ರಜೆಯನ್ನು ಲೆಕ್ಕಕ್ಕೆ ಹಿಡಿಯಿರಿ. ವಿಜ್ಞಾನ ಅಕಾಡೆಮಿಗಳ ಬೇಸಿಗೆ ಸಂಶೋಧನಾ ಫೆಲೋಶಿಪ್ ಅರ್ಜಿ ಸಾಮಾನ್ಯವಾಗಿ ದಸರಾ-ದೀಪಾವಳಿ ಆಸುಪಾಸಿನಲ್ಲೇ ತೆರೆದಿರುತ್ತದೆ. ಆ ಹೊತ್ತಿಗೆ ಅರ್ಧ ಸ್ಟಾಫ್‌ರೂಮ್ ಊರಿಗೆ ಹೋಗಿರುತ್ತದೆ. ಲಿಂಕ್ ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದಿತೇ ಎಂದು ನೋಡಲು ಅವರಿಗೆ ಫೋನ್ ಮಾಡಿಯೇ ಹೇಳಬೇಕು. ಸಂಸ್ಥೆಯ ಮೇಲ್ ವಿಳಾಸವಿದ್ದರೆ ಜಿಮೇಲ್ ಬದಲು ಅದನ್ನೇ ಕೊಡಿ. ಪತ್ರ ತಲುಪದ ಅರ್ಜಿ ಎಷ್ಟು ಚೆನ್ನಾಗಿದ್ದರೂ ಅಪೂರ್ಣ ಅರ್ಜಿಯೇ.

ಎಲ್ಲೆಲ್ಲಿ ಹಾಕಬೇಕು? ಹತ್ತು ಕಡೆ ಬೇಡ, ನಾಲ್ಕು ಸಾಕು. ಒಂದು, ಈಗ ಹೇಳಿದ ಅಕಾಡೆಮಿಗಳದು. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ದೆಹಲಿಯ ಇನ್ಸಾ, ಪ್ರಯಾಗರಾಜದ ನಾಸಿ ಮೂರೂ ಸೇರಿ ನಡೆಸುವ ಎರಡು ತಿಂಗಳ ಕಾರ್ಯಕ್ರಮ. ಆಯ್ಕೆಯಾದರೆ ದೇಶದ ಯಾವುದೋ ಸಂಸ್ಥೆಯ ವಿಜ್ಞಾನಿಯ ಬಳಿ ಕಳುಹಿಸುತ್ತಾರೆ. ಎರಡು, ಟಿಐಎಫ್‌ಆರ್‌ನ ಬೇಸಿಗೆ ಕಾರ್ಯಕ್ರಮ ವಿಎಸ್‌ಆರ್‌ಪಿ. ಮೂರು, ಐಯುಕಾದ ಬೇಸಿಗೆ ಕಾರ್ಯಕ್ರಮ ವಿಎಸ್‌ಪಿ. ಇದು ನಿಮಗೆ ಹೇಳಿ ಮಾಡಿಸಿದ್ದು, ಏಕೆಂದರೆ ಎಂಎಸ್ಸಿ ಮುಗಿಯಲು ಒಂದು ವರ್ಷ ಬಾಕಿಯಿರುವವರನ್ನೇ ಅವರು ನೋಡುತ್ತಾರೆ, ಚೆನ್ನಾಗಿ ಮಾಡಿದವರಿಗೆ ಅಲ್ಲಿಯೇ ಪಿಎಚ್‌ಡಿಗೆ ಮುಂಗಡ ಆಯ್ಕೆಯ ಅವಕಾಶವೂ ಇದೆ. ಈ ಎರಡರ ಪ್ರಕಟಣೆ ಸಾಮಾನ್ಯವಾಗಿ ಚಳಿಗಾಲದಲ್ಲಿ ಬರುತ್ತದೆ. ತಾರೀಖು ಪ್ರತಿವರ್ಷ ಸರಿಯುವುದರಿಂದ ಸೀನಿಯರ್ ಹೇಳಿದ್ದನ್ನು ನಂಬದೆ ಸಂಸ್ಥೆಯ ಜಾಲತಾಣವನ್ನು ವಾರಕ್ಕೊಮ್ಮೆ ನೋಡಿ. ನಾಲ್ಕನೆಯದು, ನೇರ ಮೇಲ್. ಐದು ಜನ ವಿಜ್ಞಾನಿಗಳಿಗೆ, ಐದೂ ಬೇರೆ ಬೇರೆ ಮೇಲ್, ತಲಾ ನೂರೈವತ್ತು ಪದ, ಒಂದು ಪುಟದ ಬಯೋಡೇಟಾ ಪಿಡಿಎಫ್. ‘ರೆಸ್ಪೆಕ್ಟೆಡ್ ಸರ್’ ಎಂದು ಐವತ್ತು ಜನರನ್ನು ಬಿಸಿಸಿಯಲ್ಲಿ ಹಾಕಿದ ಮೇಲ್‌ಗಳು ತೆರೆಯುವ ಮುನ್ನವೇ ಅಳಿಯುತ್ತವೆ, ಅದರಲ್ಲೂ ಆ ‘ಸರ್’ ಮಹಿಳಾ ವಿಜ್ಞಾನಿಯಾಗಿದ್ದರೆ ಮುಗಿದೇಹೋಯಿತು. ಮನೆಯಲ್ಲಿ ಪದವಿಯ ಆರಂಭದ ವರ್ಷಗಳಲ್ಲಿರುವ ತಮ್ಮ-ತಂಗಿಯರಿದ್ದರೆ ಮಾನಖುರ್ದ್‌ನ ಹೋಮಿ ಭಾಭಾ ಕೇಂದ್ರದ ಎನ್‌ಐಯುಎಸ್ ಕಾರ್ಯಕ್ರಮದ ಬಗ್ಗೆ ಈಗಲೇ ಹೇಳಿ. ನಿಮಗೆ ಅದರ ಗಾಡಿ ಹೋಗಿಯಾಗಿದೆ.

ಬಯೋಡೇಟಾದಲ್ಲಿ ನಮ್ಮ ಮುಂಬಯಿ ಕನ್ನಡಿಗರ ಸಮುದಾಯ ಸಂಘಗಳು ಕೊಟ್ಟ ವಿದ್ಯಾರ್ಥಿವೇತನಗಳನ್ನು ಮೊದಲ ಸಾಲಿನಲ್ಲಿ ಹಾಕಿಕೊಳ್ಳುವವರಿದ್ದಾರೆ. ಆ ನೆರವು ದೊಡ್ಡದು, ಕೃತಜ್ಞತೆಯೂ ಇರಲಿ, ಆದರೆ ಇಲ್ಲಿ ಮೊದಲು ಬರಬೇಕಾದ್ದು ಪ್ರಾಜೆಕ್ಟ್, ಬರೆದ ಪ್ರೋಗ್ರಾಂ, ಬಳಸಲು ಬರುವ ಉಪಕರಣ.

ಇನ್ನು ಸಣ್ಣದೆನಿಸಿ ದೊಡ್ಡ ಏಟು ಕೊಡುವುದು ಹೆಸರು. ಮಹಾರಾಷ್ಟ್ರದ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಮೇಲೆ ನಿಮ್ಮ ಹೆಸರು, ಅಪ್ಪನ ಹೆಸರು. ತಾಯಿಯ ಹೆಸರು ಬೇರೆ. ಕನ್ನಡಿಗರ ಮನೆಗಳಲ್ಲಿ ಅಡ್ಡಹೆಸರಿನ ಜಾಗದಲ್ಲಿ ಊರಿನ ಹೆಸರೋ ಇನಿಷಿಯಲ್ಲೋ ಇರುತ್ತದೆ. ಹೀಗಾಗಿ ಹತ್ತನೆಯ ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಬ್ಯಾಂಕ್ ಖಾತೆಯಲ್ಲಿ ಮೂರನೆಯದು. ಬೇಸಿಗೆ ಫೆಲೋಶಿಪ್‌ನಲ್ಲಿ ಇದು ಸ್ಟೈಪೆಂಡ್ ಜಮೆಯಾಗುವಾಗ ತೊಡಕು, ಸಂಶೋಧನೆಗೆ ಅರ್ಹತೆ ನೀಡುವ ನೆಟ್ ಪರೀಕ್ಷೆಯಲ್ಲಂತೂ ಪ್ರವೇಶದ್ವಾರದಲ್ಲೇ ತೊಡಕು. ಹತ್ತನೆಯ ಅಂಕಪಟ್ಟಿಯ ಅಕ್ಷರವನ್ನೇ ಆಧಾರವಾಗಿಟ್ಟು ಆಧಾರ್ ಮತ್ತು ಬ್ಯಾಂಕ್ ಎರಡನ್ನೂ ಈಗಲೇ ಸರಿಪಡಿಸಿ. ಅಂಕ ಪರಿವರ್ತನೆಯಲ್ಲೂ ಇಂಥದೇ ಒಂದು ಹಳ್ಳ: 8.5ನ್ನು 9.5ರಿಂದ ಗುಣಿಸಿ 80.75 ಶೇಕಡಾ ಎಂದು ತುಂಬುತ್ತಾರೆ. ಆ 9.5 ಸಿಬಿಎಸ್‌ಇ ಹತ್ತನೆಯ ತರಗತಿಗೆ ಹಿಂದೆ ಇದ್ದ ಗುಣಕ, ನಿಮ್ಮ ವಿಶ್ವವಿದ್ಯಾಲಯದ್ದಲ್ಲ. ವಿಶ್ವವಿದ್ಯಾಲಯ ಪ್ರಕಟಿಸಿರುವ ಸೂತ್ರವನ್ನೇ ಬಳಸಿ. ಅರ್ಜಿಯಲ್ಲಿ ಸಿಜಿಪಿಎ ಕೇಳಿದ್ದರೆ ಸಿಜಿಪಿಎಯನ್ನೇ ಕೊಡಿ.

ಪ್ರಮಾಣಪತ್ರದ ಪ್ರಶ್ನೆ. ಬೇಸಿಗೆ ಫೆಲೋಶಿಪ್‌ನಲ್ಲಿ ಇದರ ಪಾತ್ರ ಕಡಿಮೆ, ಮುಂದೆ ಪಿಎಚ್‌ಡಿಗಾಗಿ ಕೊಡುವ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಹೊತ್ತಿಗೆ ವಯೋಮಿತಿ, ಶುಲ್ಕ, ಮೀಸಲು ಸ್ಥಾನ ಎಲ್ಲಕ್ಕೂ ಬೇಕು. ಹೊರ ರಾಜ್ಯದಿಂದ ಬಂದು ನೆಲೆಸಿದವರ ಮಕ್ಕಳಿಗೆ, ತಂದೆಗೆ ಮೂಲ ರಾಜ್ಯದಲ್ಲಿ ಕೊಟ್ಟ ಪ್ರಮಾಣಪತ್ರದ ಆಧಾರದ ಮೇಲೆ ಇಲ್ಲಿನ ಅಧಿಕಾರಿಗಳೇ ಜಾತಿ ಪ್ರಮಾಣಪತ್ರ ಕೊಡಬಹುದು. ಆದರೆ ಅದು ಕೇಂದ್ರದ ಉದ್ದೇಶಗಳಿಗೆ ಮಾತ್ರ, ನಿಮ್ಮ ಮೂಲ ರಾಜ್ಯ ಕರ್ನಾಟಕವೆಂದೇ ಅದರಲ್ಲಿರುತ್ತದೆ. ಮಹಾರಾಷ್ಟ್ರ ಸರ್ಕಾರದ ಮಹಾಜ್ಯೋತಿ, ಬಾರ್ಟಿಯಂಥ ಸಂಸ್ಥೆಗಳ ಫೆಲೋಶಿಪ್‌ಗೆ ಅದು ನಡೆಯದು. ಎರಡನೆಯ ಮಾತು, ಕರ್ನಾಟಕದ 2ಎ, 3ಬಿ ಎಂಬ ಪ್ರವರ್ಗಗಳು ರಾಜ್ಯದ ಪಟ್ಟಿಗೆ ಸೇರಿದವು. ನಿಮ್ಮ ಜಾತಿ ಕರ್ನಾಟಕಕ್ಕೆ ಸಂಬಂಧಿಸಿದ ಕೇಂದ್ರ ಒಬಿಸಿ ಪಟ್ಟಿಯಲ್ಲಿದೆಯೇ, ಅದೇ ಕಾಗುಣಿತದಲ್ಲಿದೆಯೇ ಎಂದು ನೋಡಿ. ಮೂರನೆಯದು, ಅಪ್ಪ-ಅಮ್ಮನ ಆದಾಯ ಮಿತಿಯೊಳಗಿದೆ ಎನ್ನುವ ನಾನ್-ಕ್ರೀಮಿಲೇಯರ್ ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲೇ ಇರಬೇಕು. ರಾಜ್ಯದ ನಮೂನೆಯದನ್ನು ಅಪ್‌ಲೋಡ್ ಮಾಡಿ ಕೊನೆಯ ಹಂತದಲ್ಲಿ ಸಾಮಾನ್ಯ ವರ್ಗಕ್ಕೆ ಬಿದ್ದವರು ಪ್ರತಿವರ್ಷ ಇರುತ್ತಾರೆ. ಮಿತಿ ವರ್ಷಕ್ಕೆ 8 ಲಕ್ಷ, ಸತತ ಮೂರು ವರ್ಷದ ಲೆಕ್ಕ. ಆ ಲೆಕ್ಕಕ್ಕೆ ಸಂಬಳ ಮತ್ತು ಕೃಷಿ ಆದಾಯ ಸೇರುವುದಿಲ್ಲ, ಅಪ್ಪನ ಕ್ಯಾಂಟೀನಿನ ಆದಾಯ ಸೇರುತ್ತದೆ. ಕಾಗದ ಓಡಾಡಲು ವಾರಗಟ್ಟಲೆ ಬೇಕು, ಕುಂದಾಪುರಕ್ಕೆ ಒಂದು ಸುತ್ತೂ ಬೇಕಾದೀತು. ಊರ ಹಬ್ಬಕ್ಕೆ ಹೋದಾಗಲೇ ಮೂಲ ಪ್ರತಿ ತಂದಿಟ್ಟುಕೊಳ್ಳಿ.

ಸಂದರ್ಶನಕ್ಕೆ ಕರೆ ಬಂದರೆ ಪ್ರಶ್ನೆಪತ್ರಿಕೆ ನಿಮ್ಮ ಸ್ಟೇಟ್‌ಮೆಂಟೇ. ನೀವು ಬರೆದ ಪ್ರತಿ ನಾಮಪದವೂ ಒಂದು ಪ್ರಶ್ನೆ. ‘0.7145 ಸೆಕೆಂಡ್ ಅವಧಿ, 1 ಮಿಲಿಸೆಕೆಂಡಿಗೊಂದು ಮಾದರಿ. ಒಂದು ಸುತ್ತಿಗೆ ಎಷ್ಟು ಮಾದರಿ?’ ಸುಮಾರು 714. ಮುಂದಿನದು: ‘300 ಮತ್ತು 400 ಮೆಗಾಹರ್ಟ್ಸ್ ನಡುವೆ ತಡ ಎಷ್ಟು?’ ಸೂತ್ರ ಬಾಯಲ್ಲಿರಲಿ: 4.15 ಮಿಲಿಸೆಕೆಂಡ್ ಗುಣಿಸು ಡಿಸ್ಪರ್ಶನ್ ಮೆಷರ್ ಗುಣಿಸು ಗಿಗಾಹರ್ಟ್ಸ್‌ನಲ್ಲಿ ಆವರ್ತನದ ವರ್ಗದ ವಿಲೋಮಗಳ ವ್ಯತ್ಯಾಸ. 0.3ರ ವರ್ಗದ ವಿಲೋಮ 11.1, 0.4ರದು 6.25, ವ್ಯತ್ಯಾಸ 4.86. 4.15, 26.8 ಮತ್ತು 4.86 ಗುಣಿಸಿದರೆ 540 ಮಿಲಿಸೆಕೆಂಡ್. ಅಂದರೆ ಇಡೀ ಅವಧಿಯ ಮುಕ್ಕಾಲು ಪಾಲು. ನಿಮ್ಮ ಮಿಡಿತ ಮೊದಲ ಸಲ ಚಪ್ಪಟೆಯಾಗಿದ್ದು ಏಕೆಂದು ಈ ಒಂದು ಅಂಕಿಯೇ ಹೇಳುತ್ತದೆ. ಇಷ್ಟನ್ನು ಬೋರ್ಡಿನ ಮೇಲೆ ಬಿಡಿಸಿದವರಿಗೆ ಇಂಗ್ಲಿಷ್ ತಡವರಿಸಿದರೂ ಯಾರೂ ಗಮನಿಸುವುದಿಲ್ಲ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದು ಹೇಳಿ, ಆದರೆ ‘ಹೀಗೆ ಯೋಚಿಸಬಹುದೇನೋ’ ಎಂದು ಒಂದು ಹೆಜ್ಜೆ ಇಟ್ಟು ನೋಡಿ.

ಎಂಎಸ್ಸಿ ನಂತರದ್ದು ಚುಟುಕಾಗಿ. ಭೌತವಿಜ್ಞಾನಕ್ಕೆ ಬರೆಯಬೇಕಾದ್ದು ಸಿಎಸ್‌ಐಆರ್-ಯುಜಿಸಿ ನೆಟ್, ಬರೀ ಯುಜಿಸಿ ನೆಟ್ ಅಲ್ಲ. 3 ಗಂಟೆ, 200 ಅಂಕ: ಎ ಭಾಗದಲ್ಲಿ 20ರಲ್ಲಿ 15, ಬಿ ಭಾಗದಲ್ಲಿ 25ರಲ್ಲಿ 20, ಸಿ ಭಾಗದಲ್ಲಿ 30ರಲ್ಲಿ 20 ಪ್ರಶ್ನೆ ಉತ್ತರಿಸಿದರೆ ಸಾಕು. ಸಿ ಭಾಗವೊಂದೇ 100 ಅಂಕ. ತಪ್ಪಿಗೆ ಕಾಲು ಪಾಲು ಕಡಿತವಿದೆ. ಜೆಆರ್‌ಎಫ್ ಸಿಕ್ಕಿದರೆ 2023ರ ಜನವರಿಯಿಂದ ಜಾರಿಯಾದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ವಿದೇಶದ ಯೋಚನೆಯಿದ್ದರೆ, ಫುಲ್‌ಬ್ರೈಟ್-ನೆಹರು ಮಾಸ್ಟರ್ಸ್ ಫೆಲೋಶಿಪ್‌ಗೆ ಮೂರು ವರ್ಷದ ಕೆಲಸದ ಅನುಭವ ಕೇಳುತ್ತಾರೆ, ಈಗ ಅದರ ಬೆನ್ನು ಹತ್ತಬೇಡಿ. ಮುಂಬಯಿಯಲ್ಲೇ ಇರುವ, 1892ರಲ್ಲಿ ಶುರುವಾದ ಜೆ. ಎನ್. ಟಾಟಾ ಎಂಡೋಮೆಂಟ್ ಕೊಡುವುದು ಸಾಲ ವಿದ್ಯಾರ್ಥಿವೇತನ. ತೀರಿಸಬೇಕಾದ ಹಣ ಎಂಬುದನ್ನು ಮನೆಯವರಿಗೆ ಮೊದಲೇ ತಿಳಿಸಿ.

ಕೊನೆಯದಾಗಿ ಒಂದು ಕಾಗದ ಎಲ್ಲರೂ ಮರೆಯುತ್ತಾರೆ. ಆಯ್ಕೆಯಾದ ಮೇಲೆ ಸಂಸ್ಥೆಗಳು ವಿಭಾಗದಿಂದ ಎನ್‌ಒಸಿ ಅಥವಾ ಬೋನಾಫೈಡ್ ಕೇಳುವುದುಂಟು, ಬೇಸಿಗೆ ಕಾರ್ಯಕ್ರಮ ಮೇ ತಿಂಗಳಲ್ಲೇ ಶುರುವಾಗುತ್ತದೆ. ಎರಡನೇ ಸೆಮಿಸ್ಟರ್ ಪರೀಕ್ಷೆ ಮುಂದಕ್ಕೆ ಹೋದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಕರೆ ಬಂದ ದಿನವೇ ಮಾರ್ಗದರ್ಶಕರಿಗೆ ಬರೆಯಿರಿ: ನನ್ನ ಕೊನೆಯ ಪ್ರಾಕ್ಟಿಕಲ್ ಇಂಥ ದಿನ ಮುಗಿಯುತ್ತದೆ, ಅದರ ಮಾರನೆಯ ಸೋಮವಾರ ಸೇರಬಹುದೇ, ಕೊನೆಯಲ್ಲಿ ಅಷ್ಟೇ ದಿನ ಹೆಚ್ಚು ಉಳಿಯುತ್ತೇನೆ. ಮೊದಲೇ ಕೇಳಿದವರಿಗೆ ಒಂದು ವಾರ ಹಿಂದೆಮುಂದೆ ಮಾಡಿಕೊಡುವುದು ಕಷ್ಟವಲ್ಲ. ಸೇರುವ ಹಿಂದಿನ ದಿನ ಕೇಳಿದರೆ ನಿಮ್ಮ ಜಾಗ ಕಾಯುವಿಕೆ ಪಟ್ಟಿಯವರಿಗೆ ಹೋಗಿರುತ್ತದೆ.